ಗುಲಾಬಿಗೆ ಗಂಡು ನೋಡಲು ಹೋದದ್ದು

ಸತ್ತವರು ಎಲ್ಲಾದರೂ ಇದ್ದಾರೆಯೇ ಎಂಬುದನ್ನು ಒಂದು ಭಾನುವಾರದಲ್ಲಿ ತೀರ್ಮಾನಿಸಿ, ಸಂಜೆಯ ಬಸ್ಸಿಗೆ ಮನೆಗೆ ಮರಳಬಹುದು ಎಂದು ನಾನು ನಂಬಿದ್ದೆ. ಬಂಟ್ವಾಳದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಆ ಪ್ರಾಯದಲ್ಲಿ ಇಂಥ ನಂಬಿಕೆ ತಾನಾಗಿ ಬರುತ್ತದೆ.

ಮಾಣಿಯಲ್ಲಿದ್ದ ನನ್ನ ಮಾವನಿಗೆ ಮೂವರು ಹೆಣ್ಣುಮಕ್ಕಳು. ಹಿರಿಯವಳು ವಾರಿಜ, ನನ್ನ ಹೆಂಡತಿ. ಕಿರಿಯವಳು ಸರೋಜ. ನಡುವಿನವಳು ಗುಲಾಬಿ, ಮೂರು ತಿಂಗಳ ಕೂಸಾಗಿದ್ದಾಗಲೇ ತೀರಿಹೋದವಳು. ಸತ್ತ ಮಕ್ಕಳೂ ಅವರ ಲೋಕದಲ್ಲಿ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ ಅವರಿಗೂ ಮದುವೆ ಮಾಡಬೇಕು. ಮಾಡದಿದ್ದರೆ ಬದುಕಿರುವವರ ಮದುವೆಗೆ ಅಡ್ಡ ನಿಲ್ಲುತ್ತಾರೆ. ಇದು ನಮ್ಮ ಕಡೆಯ ನಂಬಿಕೆ. ಗಂಡೂ ಸತ್ತವನೇ ಆಗಬೇಕು. ಉಳಿದದ್ದೆಲ್ಲ ಮಾಮೂಲಿನಂತೆ: ಕುಲ ನೋಡುವುದು, ನಿಶ್ಚಯ, ಸೀರೆ, ಊಟ. ಆಟಿ ತಿಂಗಳ ಮಳೆಯಲ್ಲಿ ಬದುಕಿರುವವರ ಮದುವೆ ನಡೆಯುವುದಿಲ್ಲ. ಆ ತಿಂಗಳು ಸತ್ತವರದು.

ಸರೋಜಳಿಗೆ ಕೂಡಿಬಂದ ಸಂಬಂಧಗಳು ಮಾತು ಮುಗಿದ ಮೇಲೂ ಮುರಿದುಬಿದ್ದಿದ್ದವು. ಆಟಿ ಕಳೆದ ಮೇಲೆ ಬೊಂಬಾಯಿಯ ಹೋಟೆಲಿನ ಹುಡುಗನೊಬ್ಬ ನೋಡಲು ಬರುವವನಿದ್ದ. ಅವಳಿಗೆ ಅವನ ಮೇಲೆ ಮನಸ್ಸಿತ್ತು. ಮಾವ ಮಾತ್ರ, "ಗುಲಾಬಿಯದ್ದು ಮುಗಿಯದೆ ಸರೋಜನ ಸುದ್ದಿ ಬೇಡ," ಎಂದು ಕೂತಿದ್ದರು. ದಲ್ಲಾಳಿ ಕೊರಗಪ್ಪಣ್ಣ ಪುತ್ತಿಗೆಯಲ್ಲಿ ಒಬ್ಬ ಸತ್ತ ಗಂಡನ್ನು ಹುಡುಕಿಟ್ಟಿದ್ದರು.

"ನಾನೇ ಹೋಗಿ ಬರುತ್ತೇನೆ," ಎಂದೆ. "ವಿವರಿಸಲಿಕ್ಕೆ ಆಗದ ಒಂದೇ ಒಂದು ಸಂಗತಿ ನಡೆದರೆ ಒಪ್ಪುತ್ತೇನೆ. ಇಲ್ಲದಿದ್ದರೆ ಇದನ್ನು ಬಿಟ್ಟು ಸರೋಜನ ಮದುವೆ ಮಾಡುವ."

"ಆಗಲಿ," ಎಂದರು ಮಾವ. "ಆದರೆ ಬಂದು ಸುಳ್ಳು ಹೇಳಬಾರದು ಮಾಷ್ಟ್ರೇ."

ಸರೋಜ ಬಾಗಿಲ ಮರೆಯಿಂದ ಹೇಳಿದಳು: "ಭಾವ, ಸುಳ್ಳೋ ನಿಜವೋ, ಬೇಗ ಮುಗಿಸಿ."

ಕೊರಗಪ್ಪಣ್ಣ ಹೇಳಿದ ದಾರಿ ಸರಳವಾಗಿತ್ತು. ಮೂಡಬಿದ್ರೆಯಲ್ಲಿ ಬಸ್ಸು ಬದಲಾಯಿಸಿ ಪುತ್ತಿಗೆಯಲ್ಲಿ ಇಳಿಯುವುದು, ಮುಂದೆ ನಡೆದರೆ ಅಶ್ವತ್ಥದ ಕಟ್ಟೆ, ಕಟ್ಟೆ ದಾಟಿದ ಕೂಡಲೇ ಎಡಕ್ಕೆ, ಕೊನೆಯ ಮನೆ. ಕೂಸಿಗೂ ತಪ್ಪದ ದಾರಿ.

ಎರಡನೆಯ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಮುಂಡಾಸಿನವರೊಬ್ಬರು ಎಲ್ಲಿಗೆ ಎಂದು ಕೇಳಿದರು. ಹೇಳಿದೆ. ಅವರು ನಕ್ಕರು. ನನಗೆ ಅಷ್ಟು ಸಾಕಾಯಿತು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿಲ್ಲ ಎಂಬುದನ್ನು ಅವರಿಗೆ ವಿಸ್ತಾರವಾಗಿ ಬೋಧಿಸಿದೆ. ಬೋಧನೆ ಮುಗಿಯುವಾಗ ಪುತ್ತಿಗೆ ಹಿಂದೆ ಉಳಿದಿತ್ತು.

ಇಳಿದು ಮಳೆಯಲ್ಲಿ ಹಿಂದಕ್ಕೆ ನಡೆದೆ. ಕಟ್ಟೆ ಸಿಕ್ಕಿತು. ದಾಟಿ, ಹೇಳಿದ ಪ್ರಕಾರ ಎಡಕ್ಕೆ ಇಳಿದೆ. ಎದುರು ದಿಕ್ಕಿನಿಂದ ಬಂದವನ ಎಡ ಬೇರೆಯದು ಎಂಬುದನ್ನು ನಾನು ಪ್ರತಿವರ್ಷ ಆರನೇ ತರಗತಿಗೆ ಕಲಿಸುತ್ತೇನೆ.

ಕೊನೆಯ ಮನೆಯ ಚಾವಡಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. "ಮಾಣಿಯಿಂದ ಬಂದದ್ದು, ಹೆಣ್ಣಿನ ಕಡೆಯವನು," ಎಂದೆ. ಅವರು ನನ್ನನ್ನು ನೋಡಿದರು. ಆಮೇಲೆ ನನ್ನ ಹಿಂದೆ ಮೆಟ್ಟಿಲನ್ನು ನೋಡಿದರು. "ಬನ್ನಿ, ಕೂತುಕೊಳ್ಳಿ," ಎಂದು ಒಳಗೆ ಹೋಗಿ ಎರಡು ಲೋಟ ನೀರು, ಎರಡು ತುಂಡು ಬೆಲ್ಲ ತಂದಿಟ್ಟರು. ಒಂದು ಲೋಟ ಕುಡಿದೆ. ಸ್ವಲ್ಪ ಹೊತ್ತು ಕಾದೆ. ಎರಡನೆಯದನ್ನೂ ಕುಡಿದೆ. ಇದನ್ನು ಖಚಿತವಾಗಿ ಹೇಳಬಲ್ಲೆ.

ಅಷ್ಟರಲ್ಲಿ ಒಳಗಿಂದ ಅವರ ಮಗ ಸಂಜೀವ ಬಂದ. ಹೊಸ ಅಂಗಿ, ತಲೆಗೆ ಎಣ್ಣೆ, ಕಿಸೆಯಲ್ಲಿ ಬಾಚಣಿಗೆ. ಸತ್ತ ಗಂಡಿನ ತಮ್ಮನಿರಬೇಕು, ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡೆ.

"ಹುಡುಗಿ ನೋಡಲಿಕ್ಕೆ ಹೇಗೆ?" ಎಂದು ಕೇಳಿದ.

"ಈಗ ಹೇಳುವುದು ಕಷ್ಟ."

"ಅಡಿಗೆ ಎಲ್ಲ ಬರುತ್ತದಲ್ಲ?"

"ನೋಡಿ, ತೀರಿಹೋದಾಗ ಅವಳಿಗೆ ಮೂರೇ ತಿಂಗಳು."

ಅವನು ಗೋಡೆ ಹಿಡಿದುಕೊಂಡ. "ಎಂತ ಮಾರಾಯ್ರೆ ಇದು? ಸತ್ತ ಹೆಣ್ಣನ್ನು ನನಗೆ ಕಟ್ಟಲಿಕ್ಕೆ ಬಂದದ್ದಾ? ನಾನು ಬದುಕಿದ್ದೇನೆ ಕಾಣುವುದಿಲ್ಲವಾ?"

ನನಗೆ ದಿಕ್ಕುಗಳು ಆಗ ತಿಳಿದವು. ಎದ್ದು ನಿಂತು, ಕ್ಷಮೆ ಕೇಳಿ, ಎಡ ಹೇಗೆ ಬಲವಾಯಿತು ಎಂಬುದನ್ನು ಕೊಡೆಯ ತುದಿಯಿಂದ ನೆಲದ ಮೇಲೆ ಚಿತ್ರ ಬರೆದು ವಿವರಿಸಿದೆ. ಮಗ ಚಿತ್ರ ನೋಡಲಿಲ್ಲ. ತಾಯಿಯೂ ನೋಡಲಿಲ್ಲ.

"ನಿಮಗೆ ಯಾರು ಹೇಳಿದ್ದು?" ಎಂದರು ಅವರು.

"ಏನನ್ನು ಅಮ್ಮ?"

"ದೊಡ್ಡವನ ವಿಷಯ."

"ಯಾವ ದೊಡ್ಡವನು?" ಎಂದು ಕೇಳಿದವನು ಸಂಜೀವ.

ಅವರು ತಗ್ಗಿದ ದನಿಯಲ್ಲಿ ಹೇಳಿದರು. ಸಂಜೀವನಿಗಿಂತ ಮೊದಲು ಬೆಳ್ತಂಗಡಿಯ ತವರಿನಲ್ಲಿ ಒಂದು ಗಂಡು ಹುಟ್ಟಿತ್ತು. ತೊಟ್ಟಿಲಲ್ಲೇ ಹೋಯಿತು. ಈ ಊರಿಗೆ ಬಂದ ಮೇಲೆ ಆ ಮಾತು ಯಾರಲ್ಲೂ ಆಡಿರಲಿಲ್ಲ. ಗೊತ್ತಿದ್ದ ಗಂಡನೂ ಈಗ ಇರಲಿಲ್ಲ. "ಇವನ ಸಂಬಂಧಗಳು ಯಾಕೆ ಮುರಿಯುತ್ತವೆ ಅಂತ ನನಗೆ ಗೊತ್ತುಂಟು. ಅವನಿಗೆ ಹೆಣ್ಣು ಕೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಈಗ ಹೆಣ್ಣೇ ಬಂತು."

ನನ್ನ ಬೆನ್ನಿಗೆ ಚಳಿಯಾಯಿತು. ಮಳೆಯಲ್ಲಿ ನೆನೆದದ್ದರಿಂದ ಇರಬಹುದು.

"ಅಮ್ಮ, ನಾನು ದಾರಿ ತಪ್ಪಿ ಬಂದದ್ದು, ಅಷ್ಟೆ."

"ತಪ್ಪಿಸಿದ್ದು ಯಾರು?"

"ಬಸ್ಸಿನಲ್ಲಿ ಮಾತಾಡುತ್ತ ಇಳಿಯಲು ಮರೆತೆ."

"ಮಾತಾಡಿಸಿದ್ದು ಯಾರು? ಅವರು ಎಲ್ಲಿ ಇಳಿದರು?"

ನಾನು ನೋಡಿರಲಿಲ್ಲ. ನನ್ನೊಂದಿಗೆ ಇಳಿಯಲಿಲ್ಲ ಎಂದಷ್ಟೇ ಗೊತ್ತು. ಇಳಿಯುವಾಗ ಪಕ್ಕದ ಸೀಟಿನಲ್ಲಿ ಇದ್ದರೇ? ನಾನು ತಿರುಗಿ ನೋಡಿರಲಿಲ್ಲ.

"ಇರಲಿ. ಹುಡುಗಿ ನೀರು ಕುಡಿದಳಲ್ಲ, ಸಾಕು," ಎಂದರು, ಖಾಲಿ ಲೋಟ ಎತ್ತಿಕೊಂಡು.

"ಕುಡಿದದ್ದು ನಾನು ಅಮ್ಮ. ಎರಡೂ ನಾನೇ."

"ಈ ಆಟಿಯ ಮಳೆಯಲ್ಲಿ ಎರಡು ಲೋಟ ಕುಡಿಯುವಷ್ಟು ಬಾಯಾರಿಕೆ ನಿಮ್ಮದೇನಾ?"

ನಾನು ಚಪ್ಪಲಿ ಮೆಟ್ಟಿದೆ. ಮೆಟ್ಟಿಲಿಗೆ ಕಾಲಿಡುವಾಗ ಹಿಂದಿನಿಂದ ಅವರ ಸ್ವರ ಕೇಳಿತು. ಅದು ನನ್ನನ್ನು ಉದ್ದೇಶಿಸಿದ ಸ್ವರವಾಗಿರಲಿಲ್ಲ. "ಗುಲಾಬೀ, ಜಾಗ್ರತೆ ಮಗಾ. ಮೆಟ್ಟಿಲು ಜಾರುತ್ತದೆ."

ನಾನೇ ಜಾರಿ ಬಿದ್ದೆ.

ಎಬ್ಬಿಸಲು ಬಂದ ಸಂಜೀವನನ್ನು ಕೇಳಿದೆ: "ನಾನು ಹುಡುಗಿಯ ಹೆಸರು ಹೇಳಿದ್ದೆನೇ?"

"ನನ್ನಲ್ಲಿ ಕೇಳಬೇಡಿ," ಎಂದ ಅವನು. "ತೀರಿಹೋದಳು ಅಂದದ್ದರಿಂದ ಮುಂದೆ ನನಗೆ ಏನೂ ಕೇಳಿಸಲಿಲ್ಲ."

ಇದ್ದೊಬ್ಬ ಸಾಕ್ಷಿಯೂ ಹೀಗೆ ಕೈಬಿಟ್ಟ.

ಅಂದು ಸರಿಯಾದ ಮನೆಗೆ ನಾನು ಹೋಗಲಿಲ್ಲ. ಅವರು ಪಾಯಸ ಮಾಡಿ ಕಾದಿದ್ದರಂತೆ. ಕೊರಗಪ್ಪಣ್ಣ ಮರುದಿನ ಬೆವರೊರೆಸುತ್ತ ಮಾಣಿಗೆ ಬಂದರು. "ನಮ್ಮ ಹುಡುಗನಲ್ಲಿ ಎಂತ ಕುಂದು ಅಂತ ಕೇಳುತ್ತಿದ್ದಾರೆ ಮಾಷ್ಟ್ರೇ. ಏನು ಹೇಳಲಿ?" ನನಗೂ ತಿಳಿಯಲಿಲ್ಲ. ಸತ್ತವನಲ್ಲಿ ಕುಂದು ಹುಡುಕುವಷ್ಟು ನಾನು ಕಲಿತಿರಲಿಲ್ಲ.

ಮಾವ ಎಲ್ಲವನ್ನೂ ಕೇಳಿಸಿಕೊಂಡರು. ನಾನು ಒಂದೊಂದನ್ನೂ ಬಿಡಿಸಿ ಹೇಳಿದೆ. ಬಸ್ಸು ಪುತ್ತಿಗೆ ದಾಟಿದ್ದು ನನ್ನ ಬಾಯಿಯಿಂದ. ದಾರಿ ತಪ್ಪಿದ್ದು ನನ್ನ ಬುದ್ಧಿಯಿಂದ. ಎರಡನೆಯ ಲೋಟ ಬಹುಶಃ ಮಗನಿಗಾಗಿ ಇಟ್ಟದ್ದು. ತೊಟ್ಟಿಲಲ್ಲಿ ತೀರಿಹೋದ ಮಗು ಯಾವ ಮನೆಯಲ್ಲಿಲ್ಲ? ಗುಲಾಬಿ ಎಂಬ ಹೆಸರಂತೂ ನಮ್ಮ ಕಡೆ ಕಲ್ಲೆಸೆದಲ್ಲೆಲ್ಲ ಇದೆ.

"ಹೆಸರು ನೀವು ಹೇಳಿದ್ದೀರಾ?" ಎಂದರು ಮಾವ.

"ಹೇಳಿದ ನೆನಪಿಲ್ಲ."

"ಹೇಳಲಿಲ್ಲ ಎಂಬ ನೆನಪು ಉಂಟಾ?"

ಸರೋಜ ಬಾಗಿಲಲ್ಲಿ ನಿಂತಿದ್ದಳು. ಹೇಳಿದ್ದೆ ಎಂದರೂ ಸುಳ್ಳು, ಹೇಳಲಿಲ್ಲ ಎಂದರೂ ಸುಳ್ಳು. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ ಎಂದು ಮಕ್ಕಳ ಕಿವಿ ಹಿಂಡುತ್ತಿದ್ದವನಿಗೆ, ತನ್ನ ಬಾಯಿ ಆಡಿದ್ದೇ ಗೊತ್ತಿರಲಿಲ್ಲ.

"ಅದೂ ಇಲ್ಲ," ಎಂದೆ.

"ಹಾಗಾದರೆ ಮದುವೆ ಮಾಡುವ," ಎಂದರು ಮಾವ.

ಕುಲ ಹೊಂದಿತು. ಅದೇ ತಿಂಗಳು ಸಂಜೀವನ ಮನೆಯ ಚಾವಡಿಯಲ್ಲಿ ಎರಡು ಮಣೆ ಇಟ್ಟು, ಒಂದರ ಮೇಲೆ ಸೀರೆ, ಇನ್ನೊಂದರ ಮೇಲೆ ಪಂಚೆ ಇಟ್ಟು ಧಾರೆ ಎರೆದರು. ಇದ್ದಾನೆಂದೇ ತಿಳಿಯದಿದ್ದ ಅಣ್ಣನ ಪಂಚೆಯ ಅಂಚನ್ನು ಸಂಜೀವ ಸರಿಪಡಿಸುತ್ತಲೇ ಇದ್ದ. ನನ್ನ ಮುಂದೆ ಯಾರೋ ನೀರಿನ ಲೋಟ ಇಟ್ಟರು. ಬಾಯಿ ಒಣಗಿತ್ತು, ಆದರೂ ಮುಟ್ಟಲಿಲ್ಲ. ಯಾರ ಪಾಲಿನದೋ.

ಆಟಿ ಕಳೆದ ಮೇಲೆ ಸರೋಜಳ ಮದುವೆಯಾಯಿತು, ಸಂಜೀವನದ್ದೂ ಆಯಿತು. ಇದು ಪುರಾವೆಯಲ್ಲ; ಆ ವರ್ಷ ಜಿಲ್ಲೆಯಲ್ಲಿ ಬೇರೆಯವರಿಗೂ ಮದುವೆಯಾಗಿದೆ. ಹೀಗೆಂದು ವಾರಿಜಳಿಗೆ ಹೇಳಿದೆ. "ಹೌದು, ಹೌದು. ಮೊದಲು ಹೆಸರು ಹೇಳಿದಿರೋ ಇಲ್ಲವೋ ನೆನಪು ಮಾಡಿಕೊಳ್ಳಿ," ಎಂದಳು.

ಮುಂದಿನ ಆಟಿಗೆ ಮೊದಲೇ ಬೆಳ್ತಂಗಡಿ ಕಡೆಯ ಹಿರಿಯರೊಬ್ಬರು ನಮ್ಮ ಮನೆಗೆ ಬಂದರು. ತೀರಿಹೋದ ತಮ್ಮನಿಗೆ ಹೆಣ್ಣು ಬೇಕಾಗಿತ್ತು. ನನಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಕೈಮುಗಿದೆ.

"ನೀವು ತಿಳಿಯುವುದು ಬೇಡ ಮಾಷ್ಟ್ರೇ," ಎಂದರು ಅವರು ವಿನಯದಿಂದ. "ಬಸ್ಸಿನಲ್ಲಿ ಕೂತು ಇಳಿಯುವ ಜಾಗ ತಪ್ಪಿದರೆ ಸಾಕು."

ನಾನು ಹೋಗಲಿಲ್ಲ. ತಪ್ಪಿ, ಮತ್ತೆ ಸರಿಯಾದ ಮನೆಗೇ ತಲುಪಿದರೆ ಎಂಬ ಭಯ.