ಸಾವಂತ್ರವ್ವನ ಶಿಫಾರಸು

ಮಹಾಂತೇಶ ನಗರದ ಮಹಿಳಾ ಮಂಡಳ ಸೇರುವುದೆಂದರೆ ಇಂದ್ರಸಭೆಗೆ ಹೋದಂತೆ. ಇಬ್ಬರು ಹಳೆಯ ಸದಸ್ಯೆಯರು "ಈಕಿ ಛಲೋ ಹೆಂಗಸು" ಎಂದು ಬರೆದುಕೊಡಬೇಕು. ಸೊಸೆ ತರುವಾಗಲೂ ಆ ಹೆಂಗಸರು ಇಷ್ಟು ವಿಚಾರಣೆ ಮಾಡಿರಲಿಲ್ಲ.

ಸಾವಂತ್ರವ್ವ ಗಂಡನ ನೌಕರಿಗೆಂದು ಗುಂಜಿಯಿಂದ ಬೆಳಗಾವಿಗೆ ಬಂದು ಬಹಳ ದಿನವಾಗಿರಲಿಲ್ಲ. ಗುಂಜಿಯ ಅಂಗಳದಲ್ಲಿ ನಿಂತು ಗೋವಾದ ರೈಲು ನೋಡಿ ನೋಡಿ ಕಣ್ಣು ಸವೆದಿದ್ದವೇ ಹೊರತು ಸಮುದ್ರ ಮಾತ್ರ ಕಂಡಿರಲಿಲ್ಲ. ಮಂಡಳ ಬರುವ ರವಿವಾರ ಗೋವಾಕ್ಕೆ ಹೊರಡಲಿತ್ತು. ಸದಸ್ಯೆಯರಿಗಷ್ಟೇ ಜಾಗ. ಇವತ್ತು ಸಂಜೆಯೇ ಸಭೆ.

"ನಾ ಬರದುಕೊಡ್ತೀನಿ ಬಿಡು. ಇನ್ನೊಂದು ಶಾಂತಾಬಾಯಿ ಕಡೆ ಇಸ್ಕೋ," ಎಂದಳು ಬಾಜು ಮನೆಯ ಸಿದ್ದಕ್ಕ. "ಬರಿಗೈಲೆ ಹೋಗಬ್ಯಾಡ, ಏನರ ತಿನ್ನಾಕ ಒಯ್ಯಿ."

ಸಾವಂತ್ರವ್ವ ಬೆಳ್ಳುಳ್ಳಿ ಚಟ್ನಿ ಕುಟ್ಟಿದಳು. ಆ ಘಾಟಿಗೆ ಆಚೆಯ ರಾಮತೀರ್ಥ ನಗರದ ನಾಯಿಗಳೂ ಸೀನಿದವು.

ಶಾಂತಾಬಾಯಿ ಕಟ್ಟಾ ಜೈನ ಹೆಂಗಸು. ಬಾಗಿಲಲ್ಲೇ ಡಬ್ಬಿ ತೆರೆದು ನೋಡಿದಳು. "ಏನವಾ ಇದು?"

"ಬೆಳ್ಳೊಳ್ಳಿ ಚಟ್ನಿರೀ ಅಕ್ಕಾರ. ನಿಮ್ಮ ಸಲುವಾಗಿ ಎರಡು ಗಡ್ಡಿ ಜಾಸ್ತೀನ ಹಾಕೀನ್ರಿ."

ಶಾಂತಾಬಾಯಿ ಮೂಗಿಗೆ ಸೆರಗು ಹಿಡಿದು ಹಿಂದಕ್ಕೆ ನೆಗೆದ ನೆಗೆತಕ್ಕೆ ಹುಲಿಯೂ ನಾಚಬೇಕು. "ಏಳು ತಲಿಯಿಂದ ಈ ಹೊಸ್ತಿಲ ದಾಟಿಲ್ಲ ಅದು! ಒಯ್ಯಿ ಮೊದ್ಲ!"

ಸಾವಂತ್ರವ್ವನ ಕಣ್ಣೆದುರಿನ ಸಮುದ್ರ ಬತ್ತಿಯೇ ಹೋಯಿತು. "ತಪ್ಪಾತ್ರಿ ಅಕ್ಕಾರ. ಏನ ಮಾಡಲಿ ಹೇಳ್ರಿ."

ಶಾಂತಾಬಾಯಿಯ ಬಲಗೈ ಉಳುಕಿತ್ತು, ಸೊಸೆ ತ್ರಿಶಲಾ ತವರಿಗೆ ಹೋಗಿದ್ದಳು, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕಿತ್ತು. "ರೊಟ್ಟಿ ಬಡ್ಯಾಕ ಬರತೈತೇನು?"

ಸಾವಂತ್ರವ್ವ ಮನೆಗೆ ಓಡಿ, ಮಿಂದು, ಮಡಿ ಸೀರೆಯುಟ್ಟು ಬಂದು ಒಲೆ ಮುಂದೆ ಕುಳಿತಳು. ಆಕೆಯ ರೊಟ್ಟಿಗಳು ಉಬ್ಬಿದ ಚಂದಕ್ಕೆ, ಒತ್ತಿ ಹಿಡಿಯದಿದ್ದರೆ ಮಾಳಿಗೆಗೇ ಹಾರುತ್ತಿದ್ದವು. ಶಾಂತಾಬಾಯಿ ಉಣ್ಣುತ್ತ ಊರು ಕೇಳಿದಳು, ಮನೆ ಕೇಳಿದಳು. ಇವಳೂ ಖುಷಿಯಿಂದ ಗುಂಜಿಯ ಮಾವಿನ ಮರ, ಬಾವಿಯ ತಣ್ಣೀರು ಎಲ್ಲ ಬಣ್ಣಿಸಿದಳು. ಶಾಂತಾಬಾಯಿ ಎಡಗೈಯಿಂದಲೇ ಹಾಳೆ ತುಂಬ ಗೀಚಿಕೊಟ್ಟಳು.

ಸಭೆಯಲ್ಲಿ ಅಧ್ಯಕ್ಷೆ ಪದ್ಮವ್ವ ಅದನ್ನು ಗಟ್ಟಿಯಾಗಿ ಓದಿದಳು: "ಈಕಿ ರೊಟ್ಟಿಗೆ ಸರಿಸಾಟಿ ಇಲ್ಲ. ಊರಿಗೆ ಊರಽ ಕುಂತರೂ ಒಬ್ಬಾಕಿನಽ ರೊಟ್ಟಿ ಬಡಿದು ಹಾಕ್ತಾಳ. ಗುಂಜ್ಯಾಗ ಸ್ವಂತ ಮನಿ, ಮಾವಿನ ನೆರಳು, ಬಾವಿ ನೀರು ಸಕ್ಕರಿ."

ಚಪ್ಪಾಳೆಗೆ ಪತ್ರಾಸಿನ ತಗಡು ಮಾಡು ನಡುಗಿತು. ಸಾವಂತ್ರವ್ವ ಸದಸ್ಯೆಯಾದಳು.

"ಹಂಗಾರ ರವಿವಾರ ನಾನೂ ಬರ್ಲೇನ್ರಿ?"

"ನೀ ಇಲ್ಲದ ಹೆಂಗವಾ!" ಪದ್ಮವ್ವ ನಕ್ಕಳು. "ಗೋವಾದಾಗ ಏನೈತಿ, ಉಪ್ಪುನೀರು. ನಾವೆಲ್ಲಾ ನೋಡಿದ್ದಽ ಐತಿ. ಈ ಸಲ ಗುಂಜಿಗೇ ಹೋಗೂಣು, ನಿನ್ನ ಮನಿಗೇ! ಹಿಟ್ಟು ಮಂಡಳದ್ದು, ಕೈ ನಿಂದು."

ರವಿವಾರ ಮಾವಿನ ನೆರಳಲ್ಲಿ ಮಂಡಳವೆಲ್ಲ ಕಾಲು ಚಾಚಿ ಕುಳಿತಿತ್ತು. ಒಲೆ ಮುಂದೆ ಸಾವಂತ್ರವ್ವ. ದೂರದಲ್ಲಿ ಗೋವಾದ ರೈಲು ಸೀಟಿ ಹೊಡೆಯಿತು.

"ಸಾವಂತ್ರವ್ವಾ, ಇನ್ನೊಂದು ಬಿಸೀದು!"

ಸಾವಂತ್ರವ್ವ ಹಿಟ್ಟಿನ ಕೈಯನ್ನೇ ರೈಲಿನತ್ತ ಬೀಸಿದಳು. "ನೀ ಮುಂದ ನಡಿಯಪಾ. ನಂದಿನ್ನೂ ಒಂದು ಬುಟ್ಟಿ ರೊಟ್ಟಿ ಐತಿ."