ಸ್ಲಾವರಿಗೆ ದುಭಾಷಿ ಯಾಕೆ?

ಸ್ಲಾವ್ ಬಾಂಧವ್ಯ ಸಂಘದ ಆಜೀವ ಅಧ್ಯಕ್ಷರೂ, ನಮ್ಮ ಮೊರಾವಿಯ ಸೀಮೆಯ ಭಾಷಾಭಾಸ್ಕರರೂ, ಊಟಕ್ಕೆ ಕರೆದ ಮನೆಗೆ ಎಂದೂ ತಡವಾಗಿ ಬಾರದವರೂ ಆದ ಡಾಕ್ಟರ್ ಯಾರೊಮೀರ್ ಅವರ ಸನ್ನಿಧಿಗೆ ದ್ರಾಕ್ಷಿ ಬೆಳೆಗಾರ ಹಿನೆಕ್ ಜಾಪ್ಲೆಟಲ್ ಮಾಡುವ ಅನಂತ ವಂದನೆಗಳು.

ಮಾನ್ಯರೇ,

ಕಳೆದ ತಿಂಗಳು ನನ್ನ ಮಗಳು ವ್ಲಾಸ್ತಾ ತಾನು ಮೆಚ್ಚಿದ ಬಲ್ಗೇರಿಯದ ಹುಡುಗ ಒಗ್ನ್ಯಾನ್‌ನನ್ನು ಮನೆಗೆ ಕರೆತಂದಾಗ, ತಾವು ಹುರಿದ ಬಾತುಕೋಳಿಯ ತೊಡೆ ಕೈಯಲ್ಲಿ ಹಿಡಿದೇ ‘ಸ್ಲಾವ್’ ಪದದ ಅರ್ಥ ತಿಳಿಸಿಕೊಟ್ಟ ಉಪಕಾರವನ್ನು ಹೇಗೆ ಮರೆಯಲಿ? ಅದು ‘ಸ್ಲೊವೊ’, ಅಂದರೆ ಮಾತು, ಎಂಬುದರಿಂದ ಹುಟ್ಟಿದ್ದು, ಮೊರಾವಿಯದ ನಾವೂ ಬಲ್ಗೇರಿಯದವರೂ ಒಂದೇ ಸ್ಲಾವ್ ಕುಲ, ಒಬ್ಬರ ಮಾತು ಒಬ್ಬರಿಗೆ ತಿಳಿಯುವವರೇ ಸ್ಲಾವರು, ತಿಳಿಯದ ಜರ್ಮನರಿಗೆ ನಮ್ಮ ಹಿರಿಯರು ಮೂಕರೆಂದೇ ಹೆಸರಿಟ್ಟರು ಎಂದು ಅಪ್ಪಣೆ ಕೊಡಿಸಿದಿರಿ. ನಡುವೆ ಕುಳಿತು ಅವನ ಮಾತು ನಮಗೂ ನಮ್ಮ ಮಾತು ಅವನಿಗೂ ತಿಳಿಸುತ್ತಿದ್ದ ವ್ಲಾಸ್ತಾಳನ್ನು "ಏಳಮ್ಮ, ಅಡುಗೆಮನೆಗೆ ಹೋಗು, ಸ್ಲಾವರಿಗೆ ದುಭಾಷಿ ಯಾಕೆ?" ಎಂದು ಎಬ್ಬಿಸಿ ಕಳಿಸಿದ್ದೂ ತಾವೇ.

ತಮ್ಮ ಮಾತಿಗೆ ತಲೆಬಾಗಿ ನಾನು ನಮ್ಮ ಭಾಷೆಯಲ್ಲೇ ಬಿಡಿಸಿ ಬಿಡಿಸಿ, "ನನ್ನ ಮಗಳನ್ನ ಮದುವೆ ಆಗ್ತೀಯೇನಪ್ಪಾ?" ಎಂದು ಕೇಳಿದೆ. ಅವನಿಗೆ ತಿಳಿಯಿತು, ಅಲ್ಲಿಯವರೆಗೆ ತಮ್ಮ ಪಾಂಡಿತ್ಯಕ್ಕೆ ಜಯವಾಗಲಿ. ಬಾಯಿ ತುಂಬ ನನ್ನ ಹೆಂಡತಿ ಬೇಯಿಸಿದ ಕಡುಬಿದ್ದುದರಿಂದ ಪಾಪ, ಮುಖವರಳಿಸಿ ತಲೆಯನ್ನು ಅತ್ತಿಂದಿತ್ತ ಜೋರಾಗಿ ಆಡಿಸಿದ. ನಗುನಗುತ್ತಾ ಬೇಡವೆನ್ನುವ ಆ ಸೊಕ್ಕಿಗೆ ನನ್ನ ಪಿತ್ತ ನೆತ್ತಿಗೇರಿ, ಕಡುಬಿನ ಸಮೇತ ಅವನನ್ನು ಹೊರಗೆ ನೂಕಿದೆ, ತಾವು "ಭೇಷ್!" ಎಂದಿರಿ. ಓಡಿಬಂದ ವ್ಲಾಸ್ತಾ ಕಂಡದ್ದು ಬೀದಿಗೆ ಬಿದ್ದ ಹುಡುಗನನ್ನು ಮಾತ್ರ. "ನಿನ್ನ ಸ್ಲಾವರನ್ನ ನೀನೇ ಇಟ್ಕೋ ಅಪ್ಪಾ!" ಎಂದವಳು ಅವನ ಹಿಂದೆಯೇ ಹೋದಳು.

ಬಲ್ಗೇರಿಯದಲ್ಲಿ ಹಾಗೆ ತಲೆಯಾಡಿಸಿದರೆ ‘ಹೂಂ’ ಎಂದರ್ಥವಂತೆ. ಮರುದಿನ ಬೇಲಿಯಾಚೆಯಿಂದ ಇದನ್ನು ತಿಳಿಸಿದವನು, ಪ್ರತಿ ಬೇಸಿಗೆಯನ್ನೂ ಆ ದೇಶದ ಕಡಲ ತೀರದಲ್ಲಿ ಕಳೆಯುವ ನೆರೆಮನೆಯ ಜರ್ಮನ್ ರೈನ್‌ಹೋಲ್ಟ್. ಮೂಕನ ಮಾತು ನನಗೆ ಚೆನ್ನಾಗಿಯೇ ತಿಳಿಯಿತು.

ಆದ್ದರಿಂದ ಸ್ಲಾವ್ ಪದದ ಅರ್ಥವು ನಾಲಿಗೆಗೆ ಮಾತ್ರ ಅನ್ವಯ, ಕುತ್ತಿಗೆಗಲ್ಲ ಎಂದು ತಮ್ಮ ನಿಘಂಟಿನಲ್ಲಿ ಸೇರಿಸಬೇಕು. ಇಲ್ಲವೇ ಸಮಸ್ತ ಸ್ಲಾವರ ಕತ್ತುಗಳನ್ನೂ ಒಂದೆಡೆ ಕೂಡಿಸಿ, ಒಂದೇ ದಿಕ್ಕಿಗೆ ಆಡುವಂತೆ ಠರಾವು ಮಾಡಿಸಬೇಕು, ಅದೂ ಶನಿವಾರದೊಳಗೆ. ಶನಿವಾರ ಬಲ್ಗೇರಿಯದ ಪ್ಲೋವ್ದಿವ್‌ನಲ್ಲಿ ಅವರ ಮದುವೆ. ಕರೆಯೋಲೆ ಬಂದಿರುವುದು ನನ್ನ ಹೆಂಡತಿಗೆ ಮಾತ್ರ; ಆದರೂ ನಾನು ಹೊರಟಿದ್ದೇನೆ. ಮಗಳ ಮದುವೆ ನೋಡದೆ ಇರಲಾರೆ, ಮಾನ್ಯರೇ. ಬೀಗರು ಬಾಗಿಲಲ್ಲಿ ನಿಂತು "ತಪ್ಪಾಯ್ತು ಅಂತ ಒಪ್ಕೋತೀರಾ?" ಎಂದರೆ ನಾನು ಯಾವ ಕಡೆ ತಲೆ ಆಡಿಸಬೇಕೆಂದು ದಯವಿಟ್ಟು ತಿಳಿಸಿ.

ತಮ್ಮ ವಿಶ್ವಾಸಿ,
ಹಿನೆಕ್ ಜಾಪ್ಲೆಟಲ್

ಮರೆತಿದ್ದೆ: ತಾವು ಜೊತೆಗೆ ಬರುವ ಕಷ್ಟ ತೆಗೆದುಕೊಳ್ಳಬೇಡಿ. ದುಭಾಷಿಯಾಗಿ ಆ ಮೂಕ ರೈನ್‌ಹೋಲ್ಟನೇ ಬರುತ್ತಿದ್ದಾನೆ. ಬಾಗಿಲು ತೆರೆಯುವವಳು ವ್ಲಾಸ್ತಾಳಾದರೆ ಅವನೂ ಬೇಡ. "ಯಾಕಪ್ಪಾ ಬಂದೆ?" ಎಂದು ಅವಳು ಬೈದರೂ ಸರಿ, ಒಂದು ಮಾತು ಆಡಿದರೆ ಸಾಕು.