ಹೂವಿನ ಹಿಪ್ಪರಗಿಯ ಮೇಲೆ ಒಂದು ನಿಮಿಷ

ನನಗೊಂದು ಚಟವಿದೆ. ಬೀಡಿ, ಎಲೆಅಡಿಕೆ, ಇಸ್ಪೀಟು ಯಾವುದೂ ಅಲ್ಲ. ಅವಕ್ಕಾದರೆ ಜೊತೆಗಾರರು ಸಿಗುತ್ತಾರೆ. ನನ್ನದು ಒಬ್ಬನೇ ಕೂತು ಮಾಡುವಂಥದ್ದು. ವಿಮಾನ ಹತ್ತಿದರೆ ಸಾಕು, ಚೀಲದಿಂದ ಜಿಪಿಎಸ್ ಯಂತ್ರ ತೆಗೆದು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ನಾನೀಗ ಎಲ್ಲಿದ್ದೇನೆ ಎಂದು ನೋಡುತ್ತ ಕೂಡುತ್ತೇನೆ. ವಿಮಾನದ ತುಂಬ ಇರುವ ಜನರಿಗೆಲ್ಲ ಇಲ್ಲದ ಈ ಚಿಂತೆ ನನಗೊಬ್ಬನಿಗೇ ಏಕೆ? ಅವರನ್ನು ‘ಎಲ್ಲಿದ್ದೀರಿ’ ಎಂದು ಕೇಳಲು ಯಾರಾದರೊಬ್ಬರು ಇರುತ್ತಾರೆ. ನನ್ನನ್ನು ನಾನೇ ಕೇಳಿಕೊಳ್ಳಬೇಕು.

ಯಂತ್ರ ಎಂದರೆ ದೊಡ್ಡದೇನಲ್ಲ. ಹಳೆಯ ಕಾಲದ ದಪ್ಪ ಮೊಬೈಲಿನಂತಿದೆ, ಆದರೆ ಮಾತಾಡಲು ಬರುವುದಿಲ್ಲ. ವಿದೇಶಕ್ಕೆ ದ್ರಾಕ್ಷಿ ಕಳಿಸುವ ಕಂಪನಿಯಲ್ಲಿ ನನ್ನ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ತೋಟಗಳ ಸುತ್ತ ನಡೆದು ಅವುಗಳ ಗಡಿಯನ್ನು ಈ ಯಂತ್ರಕ್ಕೆ ತುಂಬುವುದು. ಹನ್ನೊಂದು ವರ್ಷ ಅದನ್ನೇ ಮಾಡಿದೆ. ಜೊತೆಗಿದ್ದವರು ರಾಜೇಸಾಬರು, ಹೂವಿನ ಹಿಪ್ಪರಗಿಯವರು, ನನಗಿಂತ ಎಂಟು ವರ್ಷ ಹಿರಿಯರು. ಮೋಟಾರ್ ಸೈಕಲ್ ಅವರು ಹೊಡೆಯುವುದು, ಯಂತ್ರ ಹಿಡಿದು ಹಿಂದೆ ನಾನು ಕೂಡುವುದು. ಒಂದೇ ಡಬ್ಬಿಯ ರೊಟ್ಟಿಯನ್ನು ಬೇವಿನ ಗಿಡದ ಕೆಳಗೆ ಕೂತು ಇಬ್ಬರೂ ಮುರಿದುಕೊಂಡಿದ್ದೇವೆ. ಹನ್ನೊಂದು ವರ್ಷದಲ್ಲಿ ಅಷ್ಟು ಮಾತಾಡಿದ್ದು ನಾನು ಅವರೊಬ್ಬರ ಜೊತೆಗೇ ಇರಬೇಕು. ಮದುವೆಯ ಯೋಚನೆ ಆಗೀಗ ಬರುತ್ತಿತ್ತು. ಅಷ್ಟರಲ್ಲಿ ಯಾರದೋ ತೋಟದ ಅಳತೆ ಬರುತ್ತಿತ್ತು.

ಎರಡು ವರ್ಷದ ಹಿಂದೆ ನನಗೆ ಬಡ್ತಿ ಕೊಟ್ಟು ವಡೋದರಾ ಕಚೇರಿಗೆ ಕಳಿಸಿದರು. ಈಗ ನಾನು ತೋಟ ನೋಡುವುದಿಲ್ಲ, ತೋಟದ ನಕ್ಷೆ ನೋಡುತ್ತೇನೆ. ಕಚೇರಿಯಲ್ಲಿ ಎಲ್ಲರೂ ಒಳ್ಳೆಯವರು. ಮಧ್ಯಾಹ್ನ ಅವರು ಗುಜರಾತಿಯಲ್ಲಿ ನಗುತ್ತಾರೆ, ಒಂದು ಕ್ಷಣ ತಡೆದು ನಾನೂ ನಗುತ್ತೇನೆ. ಸಂಜೆ ಕೋಣೆಗೆ ಬಂದು ಕೀಲಿ ತೆಗೆದಾಗ ‘ಬಂದೆ’ ಎಂದು ಹೇಳುವ ಅಭ್ಯಾಸ ಹೇಗೋ ಆಗಿಬಿಟ್ಟಿದೆ. ಯಾರಿಗೆ ಹೇಳುತ್ತೇನೆ ಎಂದು ನೀವು ಕೇಳಬಾರದು.

ನಾಲ್ಕು ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿ ಮೀಟಿಂಗು. ಅಲ್ಲಿಂದ ವಡೋದರಾಕ್ಕೆ ಮರಳುವ ವಿಮಾನ ನಮ್ಮ ತಾಲ್ಲೂಕುಗಳ ಮೇಲೆಯೇ ಹಾಯುತ್ತದೆ ಎಂಬುದು ಮೊದಲ ಪ್ರಯಾಣದಲ್ಲೇ ಯಂತ್ರದಿಂದ ಗೊತ್ತಾಯಿತು. ಮುದ್ದೇಬಿಹಾಳದಿಂದ ಇಂಡಿಯ ತನಕ ನಾವಿಬ್ಬರೂ ಬೆನ್ನು ಮುರಿದುಕೊಂಡು ಓಡಾಡಿದ ಸೀಮೆ ಏಳೆಂಟು ನಿಮಿಷದಲ್ಲಿ ಮುಗಿಯುತ್ತದೆ. ಇಳಿದು ಹೋಗಬಹುದಿತ್ತಲ್ಲ ಎನ್ನುತ್ತೀರಿ. ಸಿಂದಗಿಯಲ್ಲಿದ್ದ ಬಾಡಿಗೆ ಮನೆ ಬಿಟ್ಟಾಗಿದೆ. ಊರಿಗೆ ನೆಂಟನಂತೆ ಹೋಗಲು ನಾಚಿಕೆ. ಮೇಲಿಂದ ಹೋದರೆ ‘ಎಷ್ಟು ದಿನ ಇರ್ತೀರಿ’ ಎಂದು ಯಾರೂ ಕೇಳುವುದಿಲ್ಲ.

ಕಳೆದ ಸಲ ಮಾತ್ರ ತಡೆಯಲಾರದೆ ರಾಜೇಸಾಬರಿಗೆ ಫೋನ್ ಮಾಡಿದೆ.

“ಮಂಗಳವಾರ ಹನ್ನೊಂದೂ ಕಾಲಕ್ಕ ನಿಮ್ಮ ಮನಿ ಮ್ಯಾಲಿಂದ ಹೊಂಟೇನಿ ನೋಡ್ರಿ.”

“ಹೌದ್ರಿ? ಹಂಗಾದ್ರ ಮಾಳಗಿ ಮ್ಯಾಲ ನಿಂತು ಟಾವೆಲ್ ಬೀಸ್ತೇನಿ. ನೋಡ್ರಿ ಮತ್ತ!”

ಹತ್ತು ಕಿಲೋಮೀಟರ್ ಎತ್ತರದಿಂದ ಟಾವೆಲ್ ಕಾಣುವುದಿಲ್ಲ ಎಂಬುದು ನನಗೆ ಗೊತ್ತು. ಹೇಳಲಿಲ್ಲ. ಎರಡು ವರ್ಷದಲ್ಲಿ ನನಗಾಗಿ ಯಾರಾದರೂ ಏನನ್ನಾದರೂ ಬೀಸುತ್ತೇನೆ ಎಂದದ್ದು ಅದೇ ಮೊದಲು.

ಮಂಗಳವಾರ ಬಲಗಡೆಯ ಕಿಟಕಿ ಸೀಟು ಹಿಡಿದೆ. ಬಾಗಿಲು ಹಾಕಿ, ಫೋನ್ ಬಂದ್ ಮಾಡಿಸಿ, ವಿಮಾನವನ್ನು ನಲವತ್ತು ನಿಮಿಷ ನೆಲದ ಮೇಲೇ ನಿಲ್ಲಿಸಿಕೊಂಡರು. ಅಲ್ಲಿ ರಾಜೇಸಾಬರು ಬಿಸಿಲಿನಲ್ಲಿ ಮಾಳಿಗೆ ಹತ್ತುವ ಹೊತ್ತು. ನಾನು ಪದೇ ಪದೇ ಗಡಿಯಾರ ನೋಡುವುದನ್ನು ಕಂಡ ಗಗನಸಖಿ, “ಯಾರಾದರೂ ಕಾಯುತ್ತಿದ್ದಾರೆಯೇ?” ಎಂದು ಕೇಳಿದಳು. ಹೌದು ಎಂದೆ. ಹಾಗೆ ಹೇಳುವುದರಲ್ಲಿ ಎಂಥ ಸುಖವಿದೆ ಎಂದು ಆವತ್ತು ತಿಳಿಯಿತು. ವಿಮಾನ ಏರಿದ ಮೇಲೆ ಯಂತ್ರ ತೋರಿಸಿ ಅಪ್ಪಣೆ ಕೇಳಿದೆ. ಅವಳು ಕ್ಯಾಪ್ಟನ್‌ರನ್ನು ವಿಚಾರಿಸಿ ಬಂದು, ಇಳಿಯುವಾಗ ಮಾತ್ರ ಬೇಡ ಎಂದಳು.

ರಾಜೇಸಾಬರ ಮನೆ ಹತ್ತು ಕಿಲೋಮೀಟರ್ ಒಳಗೆ ಬಂದರೆ ಕೂಗುವಂತೆ ಯಂತ್ರಕ್ಕೆ ಹೇಳಿಟ್ಟಿದ್ದೆ. ಮುದ್ದೇಬಿಹಾಳ ಬಂತು, ಹೋಯಿತು. ಆಮೇಲೆ ಯಂತ್ರ ಪೀಂ ಪೀಂ ಎಂದು ಹೊಡೆದುಕೊಳ್ಳತೊಡಗಿತು. ಪಕ್ಕದ ಸೀಟಿನ ವಯಸ್ಸಾದ ಹೆಂಗಸು ಬೆಚ್ಚಿಬಿದ್ದು, ಇದೇನು, ಯಾಕೆ ಕೂಗುತ್ತಿದೆ ಎಂದು ಹಿಂದಿಯಲ್ಲಿ ಕೇಳಿದರು.

“ನನ್ನ ಗೆಳೆಯರ ಮನೆ ಬಂತು,” ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೆರಗು ಎಳೆದುಕೊಂಡು, ತಮ್ಮ ಬೆಲ್ಟ್ ಬಿಗಿ ಮಾಡಿಕೊಂಡರು. ಯಂತ್ರದಲ್ಲಿ ಒಂಬತ್ತಾಯಿತು, ಎಂಟಾಯಿತು, ಏಳಾಯಿತು. ಏಳರಲ್ಲಿ ಒಂದಿಷ್ಟು ನಿಂತಂತಾಗಿ ಮತ್ತೆ ಎಂಟು, ಒಂಬತ್ತು. ಕೂಗು ನಿಂತಿತು. ತಲೆ ಎತ್ತಿ ಕಿಟಕಿ ನೋಡಿದರೆ ಯಾವುದೋ ಕಂದು ನೆಲ, ಯಾರದೋ ಹೊಲ.

ವಡೋದರಾದಲ್ಲಿ ಇಳಿದ ಕೂಡಲೇ ಫೋನ್ ಮಾಡಿದೆ.

“ಬಂದು ಮುಟ್ಟಿದ್ರಿ, ಮಲ್ಲಣ್ಣಾರ?” ಎಂದರು ರಾಜೇಸಾಬರು. ಧ್ವನಿ ಬಳಲಿತ್ತು.

“ಮುಟ್ಟೀನ್ರಿ. ವಿಮಾನ ತಡಾ ಆತು. ನೀವು ನಿಂತಿದ್ರೇನು?”

“ಹನ್ನೊಂದಕ್ಕ ಹತ್ತೀನ್ರಿ. ಒಂದು ಹೋತು, ಬೀಸಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಯಾವುದು ನಿಮ್ಮದಂತ ಹೆಂಗ ಗೊತ್ತಾಗ್ಬೇಕು? ಒಟ್ಟು ಮೂರು ಹೋದುವ್ರಿ, ಮೂರಕ್ಕೂ ಬೀಸೀನಿ. ಹನ್ನೆರಡು ಹೊಡದ ಮ್ಯಾಲ ಮೊಣಕಾಲು ಕೇಳಲಿಲ್ಲ, ಇಳದೆ.”

ಆಮೇಲೆ ಅವರೇ ಕೇಳಿದರು: “ಮ್ಯಾಲಿಂದ ನಮ್ಮೂರು ಹೆಂಗ ಕಾಣ್ತೈತ್ರಿ?”

“ಚಂದ ಕಾಣ್ತೈತ್ರಿ.”

“ಮತ್ತ ನಾ?”

ಇನ್ನೊಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. “ನಾ ಯಂತ್ರ ನೋಡಿಕೋತ ಕೂತಿದ್ದೆ, ರಾಜೇಸಾಬ್ರ. ಕಿಟಕ್ಯಾಗ ನೋಡೂದ ಮರತೆ.”

ಸಿಟ್ಟಾದರೇನೋ ಎಂದುಕೊಂಡೆ. ಅವರು ಕೆಮ್ಮು ಬರುವ ತನಕ ನಕ್ಕರು. “ಹೊಲದಾಗೂ ಹಂಗ ಇದ್ರಿ ನೀವು! ‘ಮುಳ್ಳೈತ್ರಿ, ಮುಳ್ಳೈತ್ರಿ’ ಅಂತ ನಾ ಒದರೂದು, ಯಂತ್ರ ನೋಡಿಕೋತ ನೀವು ಅದರಾಗ ಹೋಗೂದು.” ಆಮೇಲೆ ನಗು ನಿಲ್ಲಿಸಿ ಮೆಲ್ಲಗೆ ಕೇಳಿದರು. “ಎರಡು ವರ್ಷದಾಗ ಎಷ್ಟು ಸಲ ಮ್ಯಾಲಿಂದ ಹೋಗೀರಿ?”

“ಆರು ಸಲ.”

“ಕೆಳಗಿಂದ?”

ಸುತ್ತಲೂ ಜನ ತಮ್ಮ ತಮ್ಮ ಪೆಟ್ಟಿಗೆ ಎಳೆದುಕೊಂಡು, ತಮಗಾಗಿ ಬಂದವರ ಕಡೆ ನಡೆಯುತ್ತಿದ್ದರು. “ಹಲೋ, ಹಲೋ, ಏನೂ ಕೇಳಸವಲ್ದು ನೋಡ್ರಿ,” ಎಂದೆ.

“ನನಗ ಸ್ವಚ್ಛ ಕೇಳಸಾಕತ್ತೈತ್ರಿ ಮಲ್ಲಣ್ಣಾರ,” ಎಂದರು ರಾಜೇಸಾಬರು.

ನನಗೂ ಸ್ವಚ್ಛವಾಗಿಯೇ ಕೇಳಿಸುತ್ತಿತ್ತು. ಆದರೂ ಇನ್ನೆರಡು ಸಲ ‘ಹಲೋ’ ಎಂದು ಫೋನ್ ಇಟ್ಟುಬಿಟ್ಟೆ.